‘ಸೆಟ್’ ಕ್ರಿಯಾಪದಕ್ಕೆ ಕನ್ನಡದಲ್ಲಿ ಏನನ್ನಬೇಕು?

ಪ್ರಶ್ನೆ: ತೀರ್ಥಹಳ್ಳಿ ಸೀಮೆಯ ಅಡಿಕೆ ಬೆಳೆಗಾರರಿಗಾಗಿ ಇಂಗ್ಲಿಷ್ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇವೆ. ‘ಸೆಟ್’ ಪುಟಪುಟಕ್ಕೂ ಎದುರಾಗುತ್ತದೆ. ಎಲ್ಲ ಕಡೆಗೂ ಹೊಂದುವ ಒಂದೇ ಪದ ಉಂಟೇ?

ಉತ್ತರ: ಒಂದೇ ಪದ ಸಾಲದು. ಆದರೆ ಬಹಳಷ್ಟು ಕಡೆ ‘ಕೂರಿಸು’ ಸರಿಹೋಗುತ್ತದೆ. ಹಳೆಯ ಇಂಗ್ಲಿಷಿನ ‘ಸೆಟ್ಟನ್’ ಎಂಬುದು ‘ಸಿಟ್ಟನ್’ ಕ್ರಿಯಾಪದದ ಪ್ರೇರಣಾರ್ಥಕ ರೂಪ. ನಮ್ಮ ಕೂರು–ಕೂರಿಸು ಇದ್ದಂತೆಯೇ. ಸಂಸ್ಕೃತದ ‘ಸದ್’ ಧಾತುವೂ ಅದೇ ಮೂಲದ್ದು, ಹಾಗಾಗಿ ಸದನ, ಪರಿಷತ್ತು, ಉಪನಿಷತ್ತುಗಳೆಲ್ಲ ಇದರ ದಾಯಾದಿಗಳು. ಉಂಗುರಕ್ಕೆ ಹರಳು ಕೂರಿಸುತ್ತೇವೆ, ಮುರಿದ ಮೂಳೆ ಕೂರಿಸುತ್ತೇವೆ, ಕೋಳಿಯನ್ನು ಕಾವಿಗೆ ಕೂರಿಸುತ್ತೇವೆ. ಮೂರಕ್ಕೂ ಇಂಗ್ಲಿಷಿನಲ್ಲಿ ‘ಸೆಟ್’ ನಡೆಯುತ್ತದೆ. ಬಲೆಗೆ ಮಾತ್ರ ‘ಒಡ್ಡು’.

ತೊಡಕು ಬರುವುದು ಕೂರಿಸುವವರು ಯಾರೂ ಇಲ್ಲದೆ ವಸ್ತು ತಾನಾಗಿ ನೆಲೆಗೊಳ್ಳುವಾಗ. ‘ಫ್ರೂಟ್ ಸೆಟ್’ ಎಂದರೆ ಕಾಯಿ ಕಚ್ಚುವುದು. ಅಡಿಕೆಯ ಹಿಂಗಾರದಲ್ಲಿ ಗಂಡುಹೂ ಮೊದಲು ಅರಳಿ ಉದುರುತ್ತವೆ, ಎಳೆಗಳ ಬುಡದಲ್ಲಿರುವ ಹೆಣ್ಣುಹೂ ಆಮೇಲೆ ಅರಳಿ ಕಾಯಿ ಕಚ್ಚುತ್ತವೆ. ಇಲ್ಲಿ ‘ಫಲ ಸ್ಥಾಪನೆ’ ಎಂದು ಬರೆದರೆ ತೋಟದವರು ಪುಟ ಮಗುಚಿ ಮುಂದೆ ಹೋಗುತ್ತಾರೆ, ತಪ್ಪು ಅವರದಲ್ಲ. ಹಾಲು ಹೆಪ್ಪಾಗುತ್ತದೆ, ಹೊತ್ತು ಮುಳುಗುತ್ತದೆ. ಸಿಮೆಂಟಿಗೆ ಗಾರೆಯವರ ‘ಸೆಟ್ ಆಗು’ ಹಾಗೇ ಇರಲಿ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್ 30 ನಿಮಿಷಕ್ಕಿಂತ ಮೊದಲು ಬಿಗಿಯತೊಡಗಬಾರದು, 600 ನಿಮಿಷದೊಳಗೆ ಪೂರ್ತಿ ಬಿಗಿಯಬೇಕು ಎಂಬುದು ಭಾರತೀಯ ಮಾನಕ. ಬಲ ಬರುವುದು ಅದರ ನಂತರದ ದಿನಗಳಲ್ಲಿ. ಆದ್ದರಿಂದ ಈ ಹಂತಕ್ಕೆ ‘ಗಟ್ಟಿಯಾಗು’ ಎಂದು ಬರೆದರೆ ಎರಡು ಬೇರೆ ಸಂಗತಿಗಳು ಕಲಸಿಹೋಗುತ್ತವೆ.

ಗರಗಸದ ‘ಸೆಟ್’ ಬೇರೆಯೇ ಕೆಲಸ. ಹಲ್ಲುಗಳನ್ನು ಒಂದು ಎಡಕ್ಕೆ, ಮುಂದಿನದು ಬಲಕ್ಕೆ ತುಸು ಬಾಗಿಸುತ್ತಾರೆ, ಅದೂ ತುದಿಯ ಭಾಗವನ್ನು ಮಾತ್ರ; ಬುಡದಿಂದ ಬಗ್ಗಿಸಿದರೆ ಹಲ್ಲು ಮುರಿಯಬಹುದು. ಹಾಗೆ ಬಾಗಿಸಿದರೆ ಕೊಯ್ದ ಸೀಳು ಅಲಗಿಗಿಂತ ಅಗಲವಾಗಿ ಗರಗಸ ಸಲೀಸಾಗಿ ಓಡುತ್ತದೆ. ಬಾಗು ಕಡಿಮೆಯಾದರೆ ಹಸಿ ಮರದಲ್ಲಿ ಸಿಕ್ಕಿಕೊಳ್ಳುತ್ತದೆ, ಒಂದೇ ಮಗ್ಗುಲಿಗೆ ಹೆಚ್ಚಾದರೆ ಕೊಯ್ತ ಆ ಕಡೆಗೇ ಎಳೆಯುತ್ತದೆ. ಕೈಪಿಡಿಯಲ್ಲಿ ‘ಹಲ್ಲು ಎಡಬಲ ಬಾಗಿಸು’ ಎಂದೇ ಬರೆಯಿರಿ.

ಇನ್ನು ಸೆಟ್ ದೋಸೆಯ ‘ಸೆಟ್’ ಈ ಕ್ರಿಯಾಪದದಿಂದ ಹುಟ್ಟಿದ್ದಲ್ಲ. ಗುಂಪು ಎಂಬ ಅರ್ಥದ ಆ ನಾಮಪದ ಲ್ಯಾಟಿನ್ನಿನ ‘ಸೆಕ್ಟಾ’, ಅಂದರೆ ಅನುಯಾಯಿಗಳ ಬಳಗ, ಎಂಬುದರಿಂದ ಹಳೆಯ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂತು. ಆಮೇಲೆ ಕ್ರಿಯಾಪದದ ಪ್ರಭಾವವೂ ಅದರ ಮೇಲಾಯಿತು. ನಿಮ್ಮ ಕೈಪಿಡಿಯಲ್ಲಿ ‘ಉಪಕರಣಗಳ ಸೆಟ್’ ಬಂದರೆ ‘ಜೊತೆ’ ಅಥವಾ ‘ಸೆಟ್’ ಯಾವುದಾದರೂ ಆದೀತು.