ಶಾರ್ಟ್ ಸೇಲ್ ಮನೆ ಕೊಂಡವರಿದ್ದೀರಾ? ಅನುಭವ ಹೇಳಿ

ಸ್ಯಾಕ್ರಮೆಂಟೊದಿಂದ ಪ್ರಶ್ನೆ:
ನಮಸ್ಕಾರ. ನಮಗೊಂದು ಮನೆ ಹಿಡಿಸಿದೆ. ಅಕ್ಕಪಕ್ಕದ ಮನೆಗಳಿಗಿಂತ ಬೆಲೆ ಕಡಿಮೆ, ಆದರೆ ಶಾರ್ಟ್ ಸೇಲ್. ಮಾಲೀಕರ ಸಾಲ ಮನೆಯ ಬೆಲೆಗಿಂತ ಜಾಸ್ತಿಯಂತೆ, ಬ್ಯಾಂಕ್ ಒಪ್ಪಿದರೆ ಮಾತ್ರ ಮಾರಾಟವಂತೆ. ಜುಲೈಗೆ ನಮ್ಮ ಬಾಡಿಗೆ ಕರಾರು ಮುಗಿಯುತ್ತದೆ. ಊರಿಂದ ಅಪ್ಪ ಸ್ವಲ್ಪ ದುಡ್ಡು ಕಳಿಸುತ್ತೇನೆ ಎಂದಿದ್ದಾರೆ. ಹೇಗೆ ತಯಾರಾಗಬೇಕು?

ಫೀನಿಕ್ಸ್‌ನಿಂದ:
ನಾವು 2011ರಲ್ಲಿ ಕೊಂಡದ್ದು ಹೀಗೇ. ಆಗ ಇಲ್ಲಿ ಯಾವ ಬೀದಿಗೆ ಹೋದರೂ ಇಂಥ ಮನೆ ಸಿಗುತ್ತಿತ್ತು. ಮಾಲೀಕರು ಸಹಿ ಹಾಕಿದರು ಅಂತ ಕುಣಿಯಬೇಡಿ. ಮಾರಿದ ದುಡ್ಡೆಲ್ಲ ಸಾಲಕ್ಕೇ ಹೋಗುತ್ತದೆ, ಹಾಗಾಗಿ ಬೆಲೆ ಎಷ್ಟಾದರೂ ಅವರಿಗೆ ಹೆಚ್ಚು ವ್ಯತ್ಯಾಸವಿಲ್ಲ. ನೀವು ವ್ಯಾಪಾರ ಮಾಡುತ್ತಿರುವುದು ಬ್ಯಾಂಕಿನ ಜೊತೆ. ಜಾಹೀರಾತಿನಲ್ಲಿರುವ ಬೆಲೆಗೆ ಬ್ಯಾಂಕ್ ಇನ್ನೂ ಹೂಂ ಅಂದಿರುವುದಿಲ್ಲ. ತನ್ನ ಕಡೆಯಿಂದ ಬೆಲೆ ಕಟ್ಟಿಸಿ ಆಮೇಲೆ ಜಾಸ್ತಿ ಕೇಳಬಹುದು. ನಮಗೆ ಕೇಳಿತ್ತು.

ಏಜೆಂಟರಿಗೆ ಮೊದಲು ಕೇಳಬೇಕಾದದ್ದು, ಮನೆ ಮೇಲೆ ಎಷ್ಟು ಸಾಲಗಳಿವೆ ಅಂತ. ಎರಡನೇ ಸಾಲ ಇದ್ದರೆ ಆ ಬ್ಯಾಂಕೂ ತನ್ನ ಹಕ್ಕು ಬಿಟ್ಟುಕೊಡಬೇಕು. ಅದಕ್ಕೆ ಸಿಗುವುದು ಪುಡಿಗಾಸು. ಆದರೂ ಅದು ಒಲ್ಲೆ ಅಂದರೆ ಮಾರಾಟ ಅಲ್ಲಿಗೇ ನಿಂತಿತು. ತೆರಿಗೆ ಬಾಕಿ, ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ಬಾಕಿ ಇದೆಯಾ ಅಂತಲೂ ಟೈಟಲ್ ಕಂಪನಿಯಿಂದ, ಅಂದರೆ ಮನೆಯ ಹಕ್ಕುಪತ್ರ ಪರಿಶೀಲಿಸುವವರಿಂದ, ಬೇಗ ನೋಡಿಸಿ. ಮಾಲೀಕರು ಸಾಲ ಯಾಕೆ ಕಟ್ಟಲಾಗುತ್ತಿಲ್ಲ ಅಂತ ಹೇಳುವ ಕಷ್ಟದ ಪತ್ರ, ಸಂಬಳದ ಚೀಟಿ ಎಲ್ಲ ಬ್ಯಾಂಕಿಗೆ ಕೊಟ್ಟಿದ್ದಾರಾ? ಕೊಟ್ಟಿಲ್ಲ ಅಂದರೆ ನಾನಾದರೆ ಆ ಮನೆ ಬಿಟ್ಟುಬಿಡುತ್ತೇನೆ.

ಡಲ್ಲಾಸ್‌ನಿಂದ, ಗೃಹಸಾಲದ ಕೆಲಸದಲ್ಲಿರುವವನು:
ಅಪ್ಪನ ದುಡ್ಡನ್ನು ಈಗಲೇ ತರಿಸಿಕೊಳ್ಳಿ. ಸಾಲ ಕೊಡುವವರು ಸಾಮಾನ್ಯವಾಗಿ ಕಳೆದ 2 ತಿಂಗಳ ಬ್ಯಾಂಕ್ ಲೆಕ್ಕ ನೋಡುತ್ತಾರೆ. ಅದರಲ್ಲಿ ದೊಡ್ಡ ಮೊತ್ತ ಕಂಡರೆ ಎಲ್ಲಿಂದ ಬಂತು ಅಂತ ಕೇಳುತ್ತಾರೆ. ‘ಇದು ಉಡುಗೊರೆ, ವಾಪಸ್ ಕೊಡಬೇಕಿಲ್ಲ’ ಎಂಬ ಪತ್ರಕ್ಕೆ ಅಪ್ಪನ ಸಹಿ ಹಾಕಿಸಿಡಿ. ಊರಿಂದ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳಿಸಬಹುದು.

ಬಡ್ಡಿ ದರ ಮಾತ್ರ ಈಗಲೇ ಲಾಕ್ ಮಾಡಿಸಬೇಡಿ, ಅಂದರೆ ಇವತ್ತಿನ ದರವನ್ನೇ ಗಟ್ಟಿ ಮಾಡಿಸಿಕೊಳ್ಳಬೇಡಿ. ಲಾಕ್ ಸಿಗುವುದು 30, 45, 60 ದಿನಕ್ಕೆ. ಬ್ಯಾಂಕಿನ ಒಪ್ಪಿಗೆಗೆ ತಿಂಗಳುಗಟ್ಟಲೆ ಹಿಡಿಯಬಹುದು. ಒಪ್ಪಿಗೆ ಪತ್ರ ಬಂದಮೇಲೆ ಕಥೆ ಉಲ್ಟಾ. ಇಂಥ ದಿನದೊಳಗೆ ಮುಗಿಸಿ ಅಂತ ಅದರಲ್ಲೇ ಬರೆದಿರುತ್ತಾರೆ, ಆಗ ನಿಮ್ಮ ಕಾಗದಗಳೆಲ್ಲ ಹೊಸದಾಗಿರಬೇಕು. ಅಲ್ಲಿವರೆಗೆ ಹೊಸ ಕಾರು, ಹೊಸ ಸಾಲ ಬೇಡವೇ ಬೇಡ.

ನ್ಯೂಜೆರ್ಸಿಯಿಂದ:
ನಾವು ಅರ್ಧದಲ್ಲೇ ಕೈಬಿಟ್ಟೆವು. ಮನೆ ಇದ್ದ ಹಾಗೇ ಮಾರುತ್ತಾರೆ, ಸೂರು ಸೋರಿದರೂ ಬ್ಯಾಂಕ್ ರಿಪೇರಿ ಮಾಡಿಸುವುದಿಲ್ಲ. ಇನ್‌ಸ್ಪೆಕ್ಷನ್ ಮಾಡಿಸಿದಾಗ ನೆಲಮಾಳಿಗೆ ತುಂಬ ಬೂಷ್ಟು! ಇನ್‌ಸ್ಪೆಕ್ಷನ್ ಗಡುವು ಬ್ಯಾಂಕ್ ಒಪ್ಪಿದ ದಿನದಿಂದ ಶುರು ಅಂತ ಕರಾರಿನಲ್ಲಿ ಬರೆಸಿದ್ದರಿಂದ ಮುಂಗಡ ವಾಪಸ್ ಬಂತು. ನೀವೂ ಹಾಗೇ ಬರೆಸಿ. ಇನ್ನೊಂದು, ಅದೇ ಮನೆ ಹರಾಜಿಗೂ ಬಂದಿದೆಯಾ ವಿಚಾರಿಸಿ. ಹರಾಜಿನ ದಿನ ಮುಂದೆ ಹಾಕಿಸದಿದ್ದರೆ ನಿಮ್ಮ ಆಫರ್ ಸುಮ್ನೆ ಕೂತಿರುತ್ತದೆ, ಮನೆ ಬೇರೆಯವರ ಪಾಲಾಗುತ್ತದೆ.

ಸ್ಯಾಕ್ರಮೆಂಟೊದಿಂದ:
ಎಲ್ಲರಿಗೂ ಥ್ಯಾಂಕ್ಸ್. ಏಜೆಂಟರನ್ನು ಕೇಳಿದೆ. ಎರಡನೇ ಸಾಲ ಇದೆಯಂತೆ, ಆ ಬ್ಯಾಂಕಿಗೆ ಇನ್ನೂ ಫೈಲೇ ಹೋಗಿಲ್ಲವಂತೆ! ಬಾಡಿಗೆ ಮನೆಯವರು ಜುಲೈ ಆದಮೇಲೆ ತಿಂಗಳಿಂದ ತಿಂಗಳಿಗೆ ಇರಿ ಎಂದಿದ್ದಾರೆ, ಬಾಡಿಗೆ ಮಾತ್ರ ಸ್ವಲ್ಪ ಜಾಸ್ತಿ. ಆಫರ್ ಹಾಕುತ್ತೇವೆ, ಜೊತೆಗೆ ಬೇರೆ ಮನೆಗಳನ್ನೂ ನೋಡುತ್ತಿರುತ್ತೇವೆ.