ಹುಲಿವೇಷ ಸ್ಪರ್ಧೆಗೆ ಹಳೆವಿದ್ಯಾರ್ಥಿಗಳ ತಾಸೆ ತಂಡ: ಸಲಹೆ ಬೇಕು

ಪ್ರಶ್ನೆ: ಮಂಗಳೂರಿನ ಕಾಲೇಜೊಂದರ ಹಳೆವಿದ್ಯಾರ್ಥಿಗಳಾದ ನಾವು ಒಂಬತ್ತು ಮಂದಿ, ಹಲವು ವರ್ಷಗಳ ಬಳಿಕ ಮತ್ತೆ ತಾಸೆ (ಕಡ್ಡಿಗಳಿಂದ ಬಾರಿಸುವ ಚರ್ಮವಾದ್ಯ), ಡೋಲು ಹಿಡಿದು, ದಸರಾ ಸಮಯದ ವಾರಾಂತ್ಯದ ಸ್ಪರ್ಧೆಯಲ್ಲಿ ಹುಲಿವೇಷ ಹಾಕಿ ಕುಣಿಯುವವರಿಗೆ ಹಿಮ್ಮೇಳ ನುಡಿಸಲಿದ್ದೇವೆ. ಅಭ್ಯಾಸದಲ್ಲಿ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮಣಿಕಟ್ಟು ಸೋಲುತ್ತದೆ. ಮಳೆ ಬಂದರೆ ತಾಸೆಯ ಚರ್ಮವೂ ಸಡಿಲವಾಗುತ್ತದೆ. ಏನು ಮಾಡಬಹುದು?

ಉತ್ತರ 1: ಚರ್ಮ ತೇವ ಹೀರಿದರೆ ನಾದ ಮಂಕಾಗುವುದು ಸಹಜವಾದ್ದರಿಂದ, ರಂಗಕ್ಕೇರುವ ಮುನ್ನ ಒಣಹುಲ್ಲಿನ ಬೆಂಕಿಗೆ ದೂರದಿಂದ ಹಿಡಿದು ಕಾಯಿಸಿ. ಅವಸರಪಟ್ಟರೆ ಚರ್ಮ ಒಡೆಯುತ್ತದೆ. ಪ್ಲಾಸ್ಟಿಕ್ ಹೊದಿಕೆಗೆ ಈ ತೊಂದರೆಯಿಲ್ಲ, ಆದರೆ ಆ ಸದ್ದು ನನ್ನ ಕಿವಿಗಂತೂ ಹಿಡಿಸುವುದಿಲ್ಲ.

ಉತ್ತರ 2: ತೊಂದರೆ ಮಣಿಕಟ್ಟಿನದಲ್ಲ, ಬಿಗಿಹಿಡಿತದ್ದು; ಕಡ್ಡಿಗಳನ್ನು ಸಡಿಲವಾಗಿ ಹಿಡಿದು, ಮೊದಲ ವಾರ ನಿಧಾನಗತಿಯಲ್ಲೇ ನುಡಿಸಿ. ಹುಲಿವೇಷಧಾರಿಯು ಅಕ್ಕಿಮುಡಿಯನ್ನು (ಒಣಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮೂಟೆ) ಹಲ್ಲಿನಿಂದ ಕಚ್ಚಿ ಹಿಂದಕ್ಕೆಸೆಯುವ ಹೊತ್ತಿಗೆ ಎಲ್ಲರೂ ಉತ್ಸಾಹದಿಂದ ವೇಗ ಹೆಚ್ಚಿಸುತ್ತಾರೆ, ಅಲ್ಲಿಯೇ ತಾಳ ತಪ್ಪುತ್ತದೆ. ಡೋಲಿನವರೊಬ್ಬರು ಕುಣಿಯುವವರ ಪಾದವನ್ನೇ ನೋಡುತ್ತ ಗತಿ ಕಾಯಲಿ, ಉಳಿದವರು ಅವರನ್ನು ಅನುಸರಿಸಲಿ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ನಿನ್ನೆ ಸಂಜೆ ಕಡ್ಡಿಯನ್ನು ಸಡಿಲ ಹಿಡಿದು ನುಡಿಸಿದಾಗ ಇಪ್ಪತ್ತು ನಿಮಿಷ ದಾಟಿದೆವು. ನೆರೆಮನೆಯವರು ಮಾತ್ರ ಸ್ಪರ್ಧೆ ಯಾವಾಗ ಮುಗಿಯುತ್ತದೆಂದು ವಿಚಾರಿಸಿದರು.