ಗುಡ್ಡದ ಮಣ್ಣಿನ ಸವಕಳಿ: ‘ಟ್ರೇಸರ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಉಡುಪಿ ಕಡೆಯ ಹೈಸ್ಕೂಲ್ ಮಕ್ಕಳಿಗಾಗಿ ಮಣ್ಣಿನ ಸವಕಳಿ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ‘ಟ್ರೇಸರ್’ ಹತ್ತಿರ ಬಂದು ನಿಂತಿದ್ದೇನೆ.

ಗುಡ್ಡದಿಂದ ಎಷ್ಟು ಮಣ್ಣು ಕೊಚ್ಚಿ ಹೋಯಿತು ಅಂತ ಸುಮ್ನೆ ನೋಡಿ ಹೇಳಲು ಆಗುವುದಿಲ್ಲ. ಅದಕ್ಕೆ ಮಣ್ಣಿಗೆ ಅಂಟಿಕೊಂಡು ಜೊತೆಗೇ ಸಾಗುವ ವಸ್ತುವೊಂದನ್ನು ಅಳೆಯುತ್ತಾರೆ. ಅದೇ ಟ್ರೇಸರ್. ಹೆಚ್ಚು ಬಳಸುವುದು ಸೀಸಿಯಂ-137 ಅನ್ನುವ ವಿಕಿರಣಶೀಲ ವಸ್ತು. 1950–60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿ ಸೇರಿ, ಮಳೆಯೊಂದಿಗೆ ನೆಲಕ್ಕಿಳಿದದ್ದು. ಜೇಡಿಮಣ್ಣಿನ ಕಣಗಳಿಗೆ ಗಟ್ಟಿಯಾಗಿ ಅಂಟುತ್ತದೆ. ಅರ್ಧಾಯುಷ್ಯ, ಅಂದರೆ ಇದ್ದದ್ದು ಅರ್ಧಕ್ಕಿಳಿಯಲು ಬೇಕಾದ ಕಾಲ, ಸುಮಾರು 30 ವರ್ಷ. ಯಾರೂ ಅಗೆಯದ, ಸವೆಯದ ಸಮತಟ್ಟು ಜಾಗದಲ್ಲಿ ಅದು ಎಷ್ಟಿದೆ ಅಂತ ಮೊದಲು ನೋಡುತ್ತಾರೆ. ಇಳಿಜಾರಿನಲ್ಲಿ ಅದಕ್ಕಿಂತ ಕಡಿಮೆ ಸಿಕ್ಕರೆ ಅಲ್ಲಿನ ಮಣ್ಣು ಹೋಗಿದೆ. ಬುಡದಲ್ಲಿ ಜಾಸ್ತಿ ಸಿಕ್ಕರೆ ಮಣ್ಣು ಬಂದು ಕೂತಿದೆ. ಆದರೆ ಇದು ಹೇಳುವುದು ಹತ್ತಾರು ವರ್ಷಗಳ ಲೆಕ್ಕ. ಈ ಸಲದ ಆಟಿ ಮಳೆ ಏನು ಮಾಡಿತು ಅಂತ ತಿಳಿಯಲು ಬೆರಿಲಿಯಂ-7 ಅನ್ನುವ ಇನ್ನೊಂದು ವಿಕಿರಣಶೀಲ ವಸ್ತು ಬೇಕು. ಅದರ ಅರ್ಧಾಯುಷ್ಯ 53 ದಿನ ಅಷ್ಟೇ.

ಈಗ ತೊಡಕು. ‘ಜಾಡು’ ಅಂದರೆ ಹೋದ ದಾರಿ, ಹೋಗುವ ವಸ್ತುವಲ್ಲ. ‘ಪತ್ತೆಕಾರಕ’ ಅಂದರೆ ಮಕ್ಕಳಿಗೆ ಪೊಲೀಸ್ ನಾಯಿ ನೆನಪಾಗುತ್ತದೆ! ‘ಗುರುತುಕಣ’ ಚೆನ್ನಾಗಿದೆ, ಆದರೆ ಸೀಸಿಯಂ ಕಣವಲ್ಲ, ಕಣಕ್ಕೆ ಅಂಟಿದ್ದು. ಸದ್ಯಕ್ಕೆ ‘ಗುರುತುವಸ್ತು’ ಅಂತ ಬರೆದಿದ್ದೇನೆ.

ಟ್ರೇಸರ್‌ಗಳನ್ನು ‘ಸಹಜ’, ‘ಕೃತಕ’ ಅಂತ ಮಾಡುವ ವಿಂಗಡಣೆಯೂ ನನಗೆ ಒಪ್ಪಿಗೆಯಾಗುತ್ತಿಲ್ಲ. ಸೀಸಿಯಂ-137 ಮನುಷ್ಯರು ಮಾಡಿದ್ದು, ಆದರೆ ಅಳೆಯಲೆಂದು ಯಾರೂ ಗುಡ್ಡಕ್ಕೆ ಹಾಕಿದ್ದಲ್ಲ. ಲ್ಯಾಂಥನಮ್, ಸೀರಿಯಂ ಪ್ರಕೃತಿಯಲ್ಲೇ ಇರುವ ಧಾತುಗಳು. ಅವುಗಳ ಆಕ್ಸೈಡ್ ಪುಡಿಯನ್ನು ನಾವೇ ಮಣ್ಣಿಗೆ ಬೆರೆಸುತ್ತೇವೆ, ಆಗ ‘ಕೃತಕ’ ಆಗಿಬಿಡುತ್ತದೆ. ತಲೆಕೆಳಗು ಅಲ್ವಾ? ‘ಬಿದ್ದ ಗುರುತು’, ‘ಬೆರೆಸಿದ ಗುರುತು’ ಅಂದರೆ ಈ ಗೋಜಲಿಲ್ಲ. ಬೆರೆಸಿದ್ದರ ಲಾಭವೂ ದೊಡ್ಡದು. ಇಳಿಜಾರಿನ ಮೇಲ್ಭಾಗಕ್ಕೆ ಒಂದು ಪುಡಿ, ನಡುವಿಗೆ ಇನ್ನೊಂದು ಹಾಕಿದರೆ, ಕೆಳಗೆ ಸಿಕ್ಕ ಮಣ್ಣು ಎಲ್ಲಿಂದ ಬಂತು ಅಂತಲೂ ತಿಳಿಯುತ್ತದೆ.

ಇಳಿಜಾರಿನ ಮೇಲೆ, ನಡು, ಕೆಳಗೆ ಅನ್ನುವ ಮೂರು ಭಾಗಗಳಿಗೆ ನಮ್ಮ ಗದ್ದೆಗಳ ಬೆಟ್ಟು (ಎತ್ತರದ್ದು), ಮಜಲು (ನಡುವಿನದು), ಬೈಲು (ತಗ್ಗಿನದು) ಬಳಸಬಹುದಾ? ಇವು ಗದ್ದೆಯ ಎತ್ತರ, ನೀರಿನ ಸೌಕರ್ಯ ನೋಡಿ ಬಂದ ಹೆಸರುಗಳು. ಗೇರು ಹಾಕಿದ ಮುರಕಲ್ಲಿನ ಗುಡ್ಡಕ್ಕೂ ಒಪ್ಪುತ್ತವಾ? ಕುಂದಾಪುರ, ಸುಳ್ಯ ಕಡೆಯವರು ಇಳಿಜಾರಿನ ನಡುಭಾಗಕ್ಕೆ ಏನನ್ನುತ್ತೀರಿ, ತಿಳಿಸಿ.